ಅತ್ತೆ ಕೇಳಿಸಿಕೊಂಡ ಹೈಸ್ಕೂಲು

ಹೋದ ವಾರ ಚಟ್ನಿಗೆಂದು ಒಡೆದ ತೆಂಗಿನಕಾಯಿ ಕೊಳೆತಿತ್ತು. ಅಡುಗೆಮನೆ ತುಂಬ ಆ ಹುಳಿಹುಳಿ ನಾತ. ಮಗ ಮೂಗು ಹಿಡಿದುಕೊಂಡು ಆಚೆ ಓಡಿದ, ಯಜಮಾನರು ಬೈದುಕೊಂಡು ಕಿಟಕಿ ತೆಗೆದರು. ನಾನು ಮಾತ್ರ ಎರಡು ಹೋಳನ್ನೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಈ ವಾಸನೆಯ ಕೆಳಗೆ ನಾನು ಮೂರು ವರ್ಷ ಮಲಗಿದ್ದೇನೆ, ಓದಿದ್ದೇನೆ, ಅತ್ತಿದ್ದೇನೆ. ಬೇರೆಯವರಿಗೆ ಮಲ್ಲಿಗೆ ಹೂವು, ಮಳೆ ಬಿದ್ದ ಮಣ್ಣು ಮೂಸಿದರೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹಕ್ಕೆ ಕೊಳೆತ ಕಾಯಿ.

ಅದು ತಿಪಟೂರಿನ ಅತ್ತೆಯ ಮನೆ. ಅತ್ತೆ ಎಂದರೆ ಅಪ್ಪನ ದೊಡ್ಡಪ್ಪನ ಮಗಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಾಲಿಗೆ ಬಂದ ತೋಟವನ್ನು ಮೈದುನ ನೋಡಿಕೊಳ್ಳುತ್ತಿದ್ದರು, ಕಾಯಿ ಮಾತ್ರ ಅತ್ತೆಯ ಮನೆಯ ಅಟ್ಟಕ್ಕೆ ಬರುತ್ತಿತ್ತು. ನಮ್ಮೂರು ಹುಳಿಯಾರಿನ ಹತ್ತಿರದ ಕೆಂಕೆರೆ. ಮಗಳು ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲೇ ಓದಬೇಕೆಂದು ಅಪ್ಪನಿಗೆ ಹಟ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಎಂಟನೇ ಕ್ಲಾಸಿಗೆ ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಬಸ್ಸಿನಲ್ಲಿ ಕರೆತಂದು, ಅತ್ತೆಯ ಕೈಗೆ ನನ್ನನ್ನು ಒಪ್ಪಿಸಿ, ಕಾಫಿ ಕುಡಿದು ಹೊರಟುಹೋದರು.

ನಮ್ಮ ಕಡೆ ಕೊಬ್ಬರಿಯಾಗುವುದು ಅಟ್ಟದ ಮೇಲೆ. ಕಾಯಿಯನ್ನು ಸಿಪ್ಪೆ ಸಮೇತ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷದ ತನಕ ಮುಟ್ಟದೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಅಷ್ಟರೊಳಗೆ ಕೆಲವು ಕೊಳೆಯುತ್ತವೆ, ಕೊಳೆತದ್ದು ಹಲಗೆಯ ಸಂದಿಯಿಂದ ತೊಟ್ಟಿಕ್ಕುತ್ತದೆ. ನನ್ನ ವಿಜ್ಞಾನದ ಪುಸ್ತಕದಲ್ಲಿ ಜೀರ್ಣಾಂಗವ್ಯೂಹದ ಚಿತ್ರದ ಮೇಲೆ ಅಂಥದೊಂದು ಕಲೆ ಕೊನೆಯವರೆಗೂ ಇತ್ತು.

ಮೊದಲ ಕೆಲವು ವಾರ ನಾನು ದಿನಾ ಅಳುತ್ತಿದ್ದೆ. ಅಳುವ ಮಕ್ಕಳನ್ನು ಏನು ಮಾಡಬೇಕೆಂದು ಅತ್ತೆಗೆ ಗೊತ್ತಿರಲಿಲ್ಲ. ಮುದ್ದು ಮಾಡಲು ಬಾರದು, ಗದರಿಸಲು ಮನಸ್ಸಿಲ್ಲ. ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ದೂರ ಕೂರುತ್ತಿದ್ದರು. ಒಂದು ಸಂಜೆ ಪಡಸಾಲೆಯಲ್ಲಿ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದವರು, ತಲೆ ಎತ್ತದೆಯೇ ಕೇಳಿದರು.

"ಇಸ್ಕೂಲಲ್ಲಿ ಇವತ್ತು ಏನೇನಾಯ್ತು? ಪ್ರೇಯರ್‌ನಿಂದ ಸುರು ಮಾಡಿ ಹೇಳು."

ಹೇಳಿದೆ. ಪ್ರೇಯರಿನಲ್ಲಿ ಒಬ್ಬಳು ತಲೆಸುತ್ತಿ ಬಿದ್ದದ್ದು, ಹಿಂದಿ ಮೇಷ್ಟ್ರು ಚಾಕ್‌ಪೀಸ್ ಎಸೆದದ್ದು, ಊಟದ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿ ಯಾರೂ ಕೂರದೇ ಇದ್ದದ್ದು. ಕೊನೆಯದನ್ನು ಹೇಳುವಾಗ ಮತ್ತೆ ಅಳು ಬಂತು. ಅತ್ತೆ ಅಳುವಿನ ಸುದ್ದಿಗೆ ಹೋಗಲಿಲ್ಲ. "ಮೂರನೇ ಪೀರಿಯಡ್ಡು ಬುಟ್ಟೆ" ಎಂದರು. ಅವತ್ತಿನಿಂದ ಅದು ನಿಯಮವಾಯಿತು.

ಅತ್ತೆಯ ತವರು ಅರಳಗುಪ್ಪೆ. ಏಳನೇ ಕ್ಲಾಸಿನ ತನಕ ಊರಲ್ಲೇ ಓದಿದ್ದರಂತೆ. ಮುಂದೆ ಓದಲು ತಿಪಟೂರಿಗೆ ಬರಬೇಕಿತ್ತು, ಹೆಣ್ಣುಮಗಳನ್ನು ದಿನಾ ಅಷ್ಟು ದೂರ ಕಳಿಸಲು ಅವರಪ್ಪ ಒಪ್ಪಲಿಲ್ಲ. ಮದುವೆಯಾಗಿ ಬಂದದ್ದು ಮಾತ್ರ ಅದೇ ತಿಪಟೂರಿಗೆ, ಹೈಸ್ಕೂಲಿಗೆ ಎರಡೇ ಬೀದಿ ದೂರದ ಮನೆಗೆ. ಅಲ್ಲಿನ ಗಂಟೆ ಕೇಳಿಯೇ ಅವರು ಮಧ್ಯಾಹ್ನದ ಅಕ್ಕಿ ತೊಳೆಯುತ್ತಿದ್ದರು. ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟಿರಲಿಲ್ಲ. ಇದನ್ನು ಅವರು ದುಃಖ ಮಾಡಿಕೊಂಡು ಹೇಳಿದವರಲ್ಲ. ಯಾವುದೋ ಮಾತಿನ ನಡುವೆ ಹೇಳಿ, ಗರಿ ಸೀಳುವುದಕ್ಕೆ ತಿರುಗಿದರು.

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ತಿಪಟೂರಿನಲ್ಲಿ ನನ್ನಷ್ಟು ಪುರುಸೊತ್ತಿಲ್ಲದ ಹುಡುಗಿ ಇನ್ನೊಬ್ಬಳಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಗಣಿತದ ಟ್ಯೂಷನ್ನು. ಬಂದು ಸ್ನಾನ, ಮುದ್ದೆ, ಸ್ಕೂಲು. ಗೈಡ್ಸ್ ಸೇರಿದ್ದೆ, ನೀಲಿ ಬಟ್ಟೆ ಹಾಕಿಕೊಂಡು ಗಂಟು ಹಾಕುವುದನ್ನು ಕಲಿಯುತ್ತಿದ್ದೆ. ಕೋಲಾಟದ ತಂಡದಲ್ಲಿದ್ದೆ. ಭಾಷಣ ಸ್ಪರ್ಧೆ ಎಂದರೆ ಹೆಸರು ಕೊಡುತ್ತಿದ್ದೆ, ರಾಗ ಬಾರದಿದ್ದರೂ ಭಾವಗೀತೆಗೂ ಕೊಡುತ್ತಿದ್ದೆ. ವಿಜ್ಞಾನ ಮೇಳಕ್ಕೆ ಥರ್ಮಕೋಲಿನ ಅಣೆಕಟ್ಟು ಮಾಡಿದ್ದೆ, ನೀರು ಬಿಟ್ಟ ಕೂಡಲೇ ಅದು ಕಿತ್ತುಹೋಗಿ ಹೆಡ್‌ಮಿಸ್ ಅವರ ಸೀರೆ ನೆನೆಯಿತು. ಭಾನುವಾರ ಹಿಂದಿ ಪರೀಕ್ಷೆಯ ಕ್ಲಾಸು. ಇಷ್ಟೆಲ್ಲಕ್ಕಿಂತ ಮೇಲೆ ಖೋ ಖೋ. ಸಂಜೆಯಾದರೆ ಮೈಯೆಲ್ಲ ಕೆಂಪು ಧೂಳು, ಮೊಣಕಾಲು ತರಚಿದ ಗಾಯ ಒಣಗಲು ಬಿಡುವೇ ಇರುತ್ತಿರಲಿಲ್ಲ.

ಈಗ ಯೋಚಿಸಿದರೆ, ಇದರಲ್ಲಿ ಅರ್ಧದಷ್ಟನ್ನು ನಾನು ಅತ್ತೆಗೆ ಹೇಳುವುದಕ್ಕಾಗಿಯೇ ಮಾಡಿದೆನೇನೋ… ಒಂದು ದಿನ ಏನೂ ಆಗದಿದ್ದರೆ ಅವರ ಮುಖ ಸಪ್ಪಗಾಗುತ್ತಿತ್ತು. "ಬರೀ ಪಾಠ ಮಾಡಿದ್ರಾ" ಎನ್ನುತ್ತಿದ್ದರು. ಅವರಿಗೆ ನಮ್ಮ ಕ್ಲಾಸಿನ ಎಲ್ಲರ ಹೆಸರು ಗೊತ್ತಿತ್ತು. ಯಾರು ಯಾರ ಜೊತೆ ಟೂ ಬಿಟ್ಟಿದ್ದಾರೆ, ಯಾರ ಅಣ್ಣನಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರು ಓಡುವಾಗ ಒಂದು ಕೈ ರೆಕ್ಕೆಯಂತೆ ಎತ್ತುತ್ತಾಳೆ, ಎಲ್ಲವೂ. ಹಿಂದಿ ಮೇಷ್ಟ್ರನ್ನು ಕಂಡರೆ ಆಗುತ್ತಿರಲಿಲ್ಲ, ಕಂಡೇ ಇರಲಿಲ್ಲ ಅನ್ನುವುದು ಬೇರೆ ಮಾತು. ಎಲ್ಲರಿಗಿಂತ ಅವರಿಗೆ ಇಷ್ಟವಾದವಳು ಶಶಿಕಲಾ.

ಶಶಿಕಲಾ ನನ್ನ ಬೆಂಚಿನವಳು. ಊಟಕ್ಕೆ ನನ್ನ ಪಕ್ಕದಲ್ಲಿ ಮೊದಲು ಬಂದು ಕುಳಿತವಳೂ ಅವಳೇ. ಖೋ ಖೋದಲ್ಲಿ ನಮ್ಮದು ಜೋಡಿ. ಅವಳು ಅಟ್ಟಿಸಿಕೊಂಡು ಬರುವಾಗ ನನ್ನನ್ನು ದಾಟಿ ಹೋಗುವವಳಂತೆ ನಟಿಸಿ, ಥಟ್ಟನೆ ಕೈ ಹಿಂದಕ್ಕೆ ಚಾಚಿ ನನ್ನ ಬೆನ್ನಿಗೆ ಖೋ ಕೊಡುತ್ತಿದ್ದಳು. ಎದುರಾಳಿಗೆ ಅರ್ಥವಾಗುವಷ್ಟರಲ್ಲಿ ನಾನು ಎದ್ದು ಮುಟ್ಟಿಬಿಟ್ಟಿರುತ್ತಿದ್ದೆ.

ಹತ್ತನೇ ಕ್ಲಾಸಿನ ದೀಪಾವಳಿಯ ಹೊತ್ತಿಗೆ ಶಶಿಕಲಾಳ ಅಪ್ಪ ಮನೆಯಲ್ಲಿ ಜಗಳ ಮಾಡಿಕೊಂಡು ಹೋದವರು ತಿರುಗಿ ಬರಲಿಲ್ಲ. ಕೊಬ್ಬರಿ ವ್ಯಾಪಾರಕ್ಕೆ ಉತ್ತರದ ಕಡೆ ಹೋಗಿದ್ದಾರೆ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ನಿಜ ಹೇಳಿದ್ದು ನನಗೊಬ್ಬಳಿಗೆ, ನೀರಿನ ಟ್ಯಾಂಕಿನ ಹಿಂದೆ ನಿಂತು. "ಯಾರ್ಗೂ ಹೇಳ್ಬೇಡ ಕಣೇ" ಎಂದಿದ್ದಳು. ಹೂಂ ಎಂದೆ. ಆ 'ಯಾರ್ಗೂ' ಅನ್ನುವುದರೊಳಗೆ ಅತ್ತೆಯೂ ಬರುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಅತ್ತೆ ನನಗೆ ಹೊರಗಿನವರಾಗಿದ್ದರೆ ತಾನೇ. ಸಂಜೆ ಅದೂ ಸರದಿಯಲ್ಲಿ ಬಂತು, ಐದನೇ ಪೀರಿಯಡ್ಡಿಗೂ ಆರನೆಯದಕ್ಕೂ ನಡುವೆ.

ಅತ್ತೆ ಕೈಯಲ್ಲಿದ್ದ ಗರಿ ಕೆಳಗಿಟ್ಟರು. ಅವತ್ತಿನಿಂದ ಅವರು ಮೊದಲು ಕೇಳುತ್ತಿದ್ದದ್ದು ಪ್ರೇಯರನ್ನಲ್ಲ, ಶಶಿಕಲಾಳ ಅಪ್ಪ ಬಂದರಾ ಎಂದು. ಆ ಮನುಷ್ಯ ಮನೆಗೆ ಬಂದರೆ ಗುಡಿಗೆ ಒಂದು ಮಂಕರಿ, ಆ ದೊಡ್ಡ ಬುಟ್ಟಿ ತುಂಬ ಕೊಬ್ಬರಿ ಕೊಡುತ್ತೇನೆಂದು ಹರಕೆ ಹೊತ್ತರು. ತಾವು ನೋಡಿಯೇ ಇರದ ಹುಡುಗಿಯ, ನೋಡಿಯೇ ಇರದ ಅಪ್ಪನಿಗಾಗಿ.

ಆ ವರ್ಷ ತಾಲ್ಲೂಕಿನ ಖೋ ಖೋ ಪಂದ್ಯ ನಮ್ಮ ಸ್ಕೂಲಿನ ಮೈದಾನದಲ್ಲೇ ನಡೆಯಿತು. ಬನ್ನಿ ಎಂದು ವಾರದಿಂದ ಪೀಡಿಸಿದ್ದೆ. "ನಾನ್ ಬಂದು ಏನ್ ಮಾಡ್ಲಿ, ಬುಡು" ಎನ್ನುತ್ತಲೇ ಇದ್ದವರು, ಆವತ್ತು ಹಸಿರು ಸೀರೆಯುಟ್ಟು, ಒಂದು ಬುಟ್ಟಿಯಲ್ಲಿ ಕೊಬ್ಬರಿ ಬೆಲ್ಲ ಹಿಡಿದುಕೊಂಡು ಗೇಟಿನ ಒಳಗೆ ಬಂದರು. ಹೊಸಿಲು ದಾಟುವವರಂತೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲಿಟ್ಟದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಯಾರ ಪರಿಚಯವನ್ನೂ ಮಾಡಿಕೊಡಬೇಕಾಗಲಿಲ್ಲ. ಒಬ್ಬೊಬ್ಬರನ್ನೇ ನೋಡಿ ಅವರೇ ಹೆಸರು ಹಿಡಿದರು. "ನೀನು ಮಂಜುಳ ಅಲ್ವಾ, ಓಡೋವಾಗ ಕೈ ಎತ್ತೋಳು?" ಹುಡುಗಿಯರು ಬಿದ್ದು ಬಿದ್ದು ನಕ್ಕರು, ಸುತ್ತ ಮುತ್ತಿಕೊಂಡರು. ಪೀಟಿ ಮೇಡಂ ಕುರ್ಚಿ ತರಿಸಿದರು. ಅತ್ತೆ ಕೂರಲಿಲ್ಲ. ಎಲ್ಲರ ಕೈಗೂ ಕೊಬ್ಬರಿ ಬೆಲ್ಲ ಹಾಕುತ್ತ ನಿಂತರು. ಅಷ್ಟು ಮಾತಾಡಿದ್ದನ್ನು, ಅಷ್ಟು ಖುಷಿಯಾಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕೊನೆಗೆ ಶಶಿಕಲಾ ಬಂದಳು. ಅತ್ತೆ ಬುಟ್ಟಿ ಕೆಳಗಿಟ್ಟು ಅವಳ ಕೆನ್ನೆ ಸವರಿದರು. ಎಲ್ಲರೂ ಅಲ್ಲೇ ನಿಂತಿದ್ದರು.

"ನಿಮ್ಮಪ್ಪ ಮನೆಗೆ ಬಂದ್ರೇನವ್ವಾ?"

ನಗುತ್ತಿದ್ದವರು ಸುಮ್ಮನಾದರು. ಶಶಿಕಲಾ ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮತ್ತೆ ಅತ್ತೆಯ ಕಡೆ ತಿರುಗಿ, "ಬಂದ್ರು" ಎಂದಳು.

ಅತ್ತೆ ಎರಡೂ ಕೈ ಎತ್ತಿ ಮುಗಿದರು. ಯಾರಿಗೆ ಮುಗಿದರೋ. ಶಶಿಕಲಾಳ ಬೊಗಸೆಗೆ ಬುಟ್ಟಿಯಲ್ಲಿ ಉಳಿದಿದ್ದನ್ನೆಲ್ಲ ಸುರಿದರು. ಸುತ್ತ ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ.

ಆಮೇಲೆ ಆಟ. ಕಂಬದಿಂದ ಮೂರನೇ ಚೌಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಾದೆ. ಶಶಿಕಲಾ ಓಡಿ ಬಂದಾಗಲೆಲ್ಲ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಪ್ರತಿ ಸಲವೂ ಅವಳು ನನ್ನನ್ನು ದಾಟಿ ಆಚೆಯವಳಿಗೆ ಖೋ ಕೊಟ್ಟಳು. ಈ ಸಲ ನಟನೆಯಲ್ಲ. ಪೀಟಿ ಮೇಡಂ ಗೆರೆಯಾಚೆಯಿಂದ ನನ್ನ ಹೆಸರು ಕೂಗುತ್ತಿದ್ದರು, ಅವಳಿಗೆ ಕೊಡು, ಅವಳಿಗೆ ಕೊಡು ಎಂದು. ಅವಳ ಕೈ ನನ್ನ ಬೆನ್ನಿಗೆ ಬೀಳಲಿಲ್ಲ. ಸೋತೆವು. ಅತ್ತೆ, ಆಟ ಅರ್ಥವಾಗದೆ, ಸೋತಿದ್ದಕ್ಕೂ ಚಪ್ಪಾಳೆ ತಟ್ಟಿದರು.

ಸಂಜೆ ನಾನು ಮನೆಗೆ ಬಂದಾಗ ಪಡಸಾಲೆಯಲ್ಲಿ ಅತ್ತೆ ಇರಲಿಲ್ಲ. ಏಣಿ ಹಾಕಿತ್ತು. ಅಟ್ಟದ ಮೇಲೆ ಹರಕೆಗೆ ಕಾಯಿ ಆರಿಸುತ್ತಿದ್ದರು. ಒಂದೊಂದನ್ನೇ ಅಲ್ಲಾಡಿಸಿ ನೋಡುವ ಸದ್ದು ಕೇಳುತ್ತಿತ್ತು, ಜೊತೆಗೆ ಏನೋ ಹಾಡಿನ ಗುನುಗು. ನಾನು ಏಣಿಯ ಬುಡಕ್ಕೆ ಹೋದೆ. ಹೇಳದೆ ಇರಬಹುದಿತ್ತು. ಆದರೆ ಆ ಮನೆಯಲ್ಲಿ ನನಗೆ ಹೇಳುವುದೊಂದೇ ಅಭ್ಯಾಸವಾಗಿತ್ತು.

"ಅತ್ತೆ, ಅವ್ರಪ್ಪ ಬಂದಿಲ್ಲ. ಯಾರ್ಗೂ ಹೇಳ್ಬೇಡ ಅಂದಿದ್ಲು."

ಸದ್ದು ನಿಂತಿತು. ನಾನು ಬಿಕ್ಕುತ್ತಿದ್ದೆ. ಅತ್ತೆ ಬರಿಗೈಯಲ್ಲಿ ಇಳಿದು ಬಂದು, ನನ್ನ ಮುಖ ನೋಡದೆ ಅಡುಗೆಮನೆಗೆ ಹೋದರು.

ಮಾರನೆಯ ದಿನ ಶಶಿಕಲಾ ಮುಂದಿನ ಬೆಂಚಿಗೆ ಹೋಗಿದ್ದಳು. ಉಳಿದವರು ನಾನು ಹತ್ತಿರ ಹೋದರೆ ಮಾತು ಬದಲಿಸುತ್ತಿದ್ದರು, ಇವಳಿಗೆ ಹೇಳಿದರೆ ಮನೆ ಮುಟ್ಟುತ್ತದೆ ಎಂದು. ನಾನು ಸಂಜೆ ಅತ್ತೆಯ ಮುಂದೆ ಕುಳಿತು, ಯಾವಾಗಿನಂತೆ ಪ್ರೇಯರಿನಿಂದ ಶುರು ಮಾಡಿದೆ.

"ಬೇಡ ಕಣವ್ವ. ಓದ್ಕೋ ಹೋಗು."

ಮುನಿಸಿರಲಿಲ್ಲ ದನಿಯಲ್ಲಿ. ಅದಿದ್ದರೆ ಚೆನ್ನಾಗಿತ್ತು. ಮರುದಿನವೂ ಹಾಗೇ ಹೇಳಿದರು, ಅದರ ಮರುದಿನವೂ. ಬೇಕೆಂದೇ ದೊಡ್ಡ ದೊಡ್ಡ ಸುದ್ದಿ ತರುತ್ತಿದ್ದೆ. ಭಾಷಣದಲ್ಲಿ ಮೊದಲ ಬಹುಮಾನ ಬಂತು, ಸ್ಟೀಲ್ ತಟ್ಟೆ ತಂದು ಮುಂದಿಟ್ಟೆ. "ಒಳ್ಳೇದಾಯ್ತು" ಎಂದು ತೊಳೆದು ಒಳಗಿಟ್ಟರು. ಯಾವ ವಿಷಯದ ಮೇಲೆ ಮಾತಾಡಿದೆ, ಎದುರಿಗೆ ಯಾರಿದ್ದರು, ಹಿಂದಿ ಮೇಷ್ಟ್ರು ಏನೆಂದರು, ಒಂದೂ ಕೇಳಲಿಲ್ಲ. ನಾನು ಮಾತಾಡಲು ಶುರುಮಾಡಿದರೆ ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದರು. ಕೇಳಿಸಿಕೊಂಡದ್ದು ಮತ್ತೆಲ್ಲಿ ಬಾಯಿಗೆ ಬಂದೀತೋ ಎಂದು ತಮ್ಮ ಕಿವಿಯನ್ನೇ ಅವರು ನಂಬದಾಗಿದ್ದರು.

ಒಂದು ಭಾನುವಾರ ಅದೇ ಹಸಿರು ಸೀರೆಯುಟ್ಟು ಶಶಿಕಲಾಳ ಮನೆಯ ಕಡೆ ಹೊರಟರು. ಸ್ವಲ್ಪ ಹೊತ್ತಿಗೇ ವಾಪಸು ಬಂದರು. "ಬಾಗ್ಲು ತಟ್ಟಿ ಏನಂತ ಹೇಳ್ಲಿ" ಎಂದರು, ನನಗಲ್ಲ, ಗೋಡೆಗೆ. ಹಾಗೆಯೇ ಆ ವರ್ಷ ಕಳೆಯಿತು. ಸ್ಕೂಲಿನಲ್ಲಿ ನಾನೊಬ್ಬಳೇ, ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ. ಟ್ಯೂಷನ್ನು, ಗೈಡ್ಸು, ಹಿಂದಿ ಎಲ್ಲವೂ ಇತ್ತು, ಮೊದಲಿನಷ್ಟೇ ಓಡಾಡುತ್ತಿದ್ದೆ. ಯಾಕೆ ಓಡಾಡುತ್ತಿದ್ದೇನೆಂದು ಮಾತ್ರ ತಿಳಿಯುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅಪ್ಪ ಬಂದು ಟ್ರಂಕು ಎತ್ತಿಕೊಂಡರು. ಅತ್ತೆ ಬಸ್ಸಿನ ತನಕ ಬಂದು, ಕಿಟಕಿಯ ಕಂಬಿ ಹಿಡಿದು ನಿಂತರು. ಏನೋ ಕೇಳುವವರಂತೆ ಬಾಯಿ ತೆರೆದರು… ಬಸ್ಸು ಹೊರಟಿತು.

ಅತ್ತೆ ತೀರಿಕೊಂಡು ಈಗ ಬಹಳ ವರ್ಷವಾಯಿತು. ಇರುವಷ್ಟು ದಿನ ಹಬ್ಬಕ್ಕೆ, ಮದುವೆಗೆ ಸಿಗುತ್ತಿದ್ದರು. ಊಟ ಆಯ್ತಾ, ಮಗು ಹೇಗಿದೆ, ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ತುರುವೇಕೆರೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವಳು ನನ್ನ ಮೊಣಕೈ ಮುಟ್ಟಿದಳು. ಶಶಿಕಲಾ. ತಲೆಯಲ್ಲಿ ನನಗಿಂತ ಹೆಚ್ಚು ಬಿಳಿ. ತುಮಕೂರಿನಲ್ಲಿ ನರ್ಸ್ ಆಗಿದ್ದಾಳಂತೆ. ಇಬ್ಬರೂ ಒಬ್ಬಟ್ಟು ಮುರಿಯುತ್ತ, ಮಕ್ಕಳು ಮರಿ ಎಲ್ಲ ಆದ ಮೇಲೆ, ಅವಳೇ ಆ ಮಾತು ತೆಗೆದಳು.

"ಅಪ್ಪ ಕೊನೇವರ್ಗೂ ಬರ್ಲಿಲ್ಲ ಬುಡು. ಬೀದೀಲಿ ಎಲ್ರಿಗೂ ಗೊತ್ತಿತ್ತು ಕಣೇ, ಒಬ್ರೂ ಬಾಯ್ಬಿಟ್ಟು ಕೇಳ್ಲಿಲ್ಲ. ಕೇಳಿದ್ದು ನಿಮ್ಮತ್ತೆ ಒಬ್ರೇ. ಸಿಟ್ಟು ನಿನ್ ಮೇಲಿತ್ತು, ಅವ್ರ ಮೇಲಲ್ಲ. ನಾನು ಬಂದ್ರು ಅಂದಾಗ ಅವ್ರ ಮುಖ ನೋಡಿದ್ಯಾ? ಆ ಖುಷಿ ನೋಡಿ ನಂಗೂ ಒಂದ್ ಗಳಿಗೆ ಅಪ್ಪ ಬಂದೇಬುಟ್ರು ಅನ್ನಿಸ್ತು."

ಅನ್ನ ಬಡಿಸುವವನು ಬಂದ, ಹೋದ. ಅವಳು ಎಲೆ ನೋಡುತ್ತ ಮುಂದುವರಿಸಿದಳು. "ಅವ್ರನ್ನ ಒಂದ್ಸಲ ನೋಡ್ಬೇಕಿತ್ತು. ಹೆಂಗವ್ರೆ ಈಗ?"

ಇಲ್ಲ ಎಂದೆ. ಅವಳು ಅರ್ಧ ಊಟಕ್ಕೇ ಎಲೆ ಮಡಚಿದಳು.

ಅಂದಿನಿಂದ ಇದು ನನ್ನನ್ನು ಬಿಟ್ಟಿಲ್ಲ. ಆ ಒಂದು ಪ್ರಶ್ನೆ ಕೇಳಿ ತಪ್ಪು ಮಾಡಿದೆನೆಂದುಕೊಂಡು ಅತ್ತೆ ಉಳಿದ ಆಯುಸ್ಸಿನಲ್ಲಿ ಊಟ ಆಯ್ತಾ ಎನ್ನುವುದರಾಚೆ ಯಾರನ್ನೂ ಏನನ್ನೂ ಕೇಳಲಿಲ್ಲ. ಅದು ತಪ್ಪಾಗಿರಲಿಲ್ಲ ಅನ್ನುವುದು ಈಗ ಶಶಿಕಲಾಳಿಗೆ ಗೊತ್ತು, ನನಗೆ ಗೊತ್ತು. ಗೊತ್ತಾಗಬೇಕಿದ್ದವರು ತಿಳಿಯದೆಯೇ ಹೋದರು.