ನೂರ ಇಪ್ಪತ್ತು ಬಗೆಯ ದೋಸೆ

ನನ್ನ ಗಂಡ ತೀರಿಕೊಳ್ಳುವ ಹಿಂದಿನ ಸಂಜೆ ನಮ್ಮ ದೋಸೆ ಗಾಡಿಯ ಮುಂದೆ ಲೆಕ್ಕದ ಜಗಳ ನಡೆದಿತ್ತು.

ಬಿಟಿಎಂ ಲೇಔಟಿನಲ್ಲಿ ಆಗ ಎಷ್ಟು ಬಗೆಯ ದೋಸೆ ಸಿಗುತ್ತದೆಂದು ಗಾಡಿಯ ಮೇಲೆ ಬರೆಸುವುದು ರೂಢಿ. ಎದುರು ಗಾಡಿಯವನು ತೊಂಬತ್ತೊಂಬತ್ತು ಎಂದು ಬರೆಸಿದ್ದ. ಇವರಿಗೆ ಅವನನ್ನು ಮೀರಿಸದೆ ಸಮಾಧಾನವಿಲ್ಲ. ನಮ್ಮಲ್ಲಿದ್ದದ್ದು ಆರೇ ಡಬ್ಬ: ಈರುಳ್ಳಿ, ಟೊಮೇಟೊ, ಕ್ಯಾಪ್ಸಿಕಂ, ಪನೀರ್, ಚೀಸ್, ಸ್ವೀಟ್ ಕಾರ್ನ್. ಒಂದು ದೋಸೆಗೆ ಮೂರು ಹಾಕುತ್ತಿದ್ದೆವು. ಮೊದಲು ಉದುರಿಸಲು ಆರರಲ್ಲಿ ಒಂದು, ಆಮೇಲೆ ಉಳಿದ ಐದರಲ್ಲಿ ಒಂದು, ಕೊನೆಗೆ ನಾಲ್ಕರಲ್ಲಿ ಒಂದು. ಇವರು ಗುಣಿಸಿ, ಪೇಂಟರನ್ನು ಕರೆಸಿ, ನೂರ ಇಪ್ಪತ್ತು ಎಂದು ಬರೆಸಿಬಿಟ್ಟರು.

ಹಿಂದಿನ ಬೀದಿಯ ಪಿಜಿಯಲ್ಲಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು. ದಿನಾ ನಮ್ಮಲ್ಲೇ ತಿನ್ನುತ್ತಿದ್ದವಳು ಬೋರ್ಡು ನೋಡಿ ನಕ್ಕಳು. ಅವೇ ಮೂರನ್ನು ಹಿಂದುಮುಂದು ಮಾಡಿ ಒಂದೊಂದು ದೋಸೆಯನ್ನೂ ಆರಾರು ಸಲ ಎಣಿಸಿದ್ದೀರಿ, ನಿಮ್ಮಲ್ಲಿರುವುದು ಇಪ್ಪತ್ತೇ ಬಗೆ ಎಂದಳು.

ಇವರು ಸೌಟು ಕೆಳಗಿಟ್ಟರು. "ಈರುಳ್ಳಿ ಮೊದ್ಲು ಹಾಕಿದ್ರೆ ಬೇಯುತ್ತೆ, ಕೊನೇಲಿ ಹಾಕಿದ್ರೆ ಕರುಂ ಅನ್ನುತ್ತೆ. ಎರಡೂ ಒಂದೇನಾ ಮೇಡಂ?"

ಆ ಸಂಜೆ ಪರೀಕ್ಷೆ. ಅವಳು ಬೆನ್ನು ತಿರುಗಿಸಿ ನಿಲ್ಲಬೇಕು, ಅವೇ ಮೂರನ್ನು ಹಿಂದುಮುಂದು ಹಾಕಿದ ಎರಡು ದೋಸೆಯಿಂದ ನಾನು ಒಂದೊಂದು ತುಂಡು ಕೊಡಬೇಕು, ಒಂದೇ ಎನಿಸಿದರೆ ಬೋರ್ಡು ಅಳಿಸಬೇಕು. ಈರುಳ್ಳಿಯಲ್ಲಿ ಇವರು ಗೆದ್ದರು. ಕ್ಯಾಪ್ಸಿಕಂ, ಪನೀರು, ಕಾರ್ನಿನಲ್ಲಿ ಸೋತರು. ಚೀಸಿನ ಸರದಿಯಲ್ಲಿ ನಾನು ನೋಡುತ್ತಿದ್ದಂತೆಯೇ ಒಂದು ದೋಸೆಗೆ ಖಾರದ ಪುಡಿ ಎರಚಿದರು. ಆ ತುಂಡನ್ನೂ ನಾನೇ ಅವಳ ಕೈಗಿತ್ತೆ.

ಅವಳು ಅಗಿದು, ಮೂಗು ಒರೆಸಿಕೊಂಡು, "ಅಣ್ಣ, ಇದು ಹಿಂದುಮುಂದು ಮಾಡಿದ್ದಲ್ಲ, ಮೆಣಸಿನ್ಕಾಯಿ" ಎಂದಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇವರು ಹೆಂಚಿಗೆ ನೀರು ಚಿಮುಕಿಸಿ, ಆ ಸದ್ದಿನಲ್ಲಿ ಏನೂ ಕೇಳದವರಂತೆ ನಿಂತರು. ಅವಳು ಪೇಪರ್ ತುಂಡಿನ ಮೇಲೆ ಲೆಕ್ಕ ಹಾಕಿದಳು. ಈರುಳ್ಳಿ ಇಲ್ಲದವು ಹತ್ತು. ಇರುವವು ಹತ್ತು, ಅದನ್ನು ಮೊದಲು, ನಡುವೆ, ಕೊನೆಗೆ ಹಾಕಿದರೆ ಮೂವತ್ತು. ಒಟ್ಟು ನಲವತ್ತು. ಇವರು ಒಪ್ಪಲಿಲ್ಲ. ಟೊಮೇಟೊ ಇನ್ನೂ ಬಾಕಿಯಿದೆ, ನಾಳೆ ಬನ್ನಿ ಎಂದರು.

ಬೆಳಿಗ್ಗೆ ಹಿಟ್ಟು ರುಬ್ಬುತ್ತಿದ್ದಾಗ ಎದೆ ನೋವು ಎಂದು ಕುಳಿತವರು ಆಸ್ಪತ್ರೆ ಮುಟ್ಟಲಿಲ್ಲ.

ತಿಂಗಳ ಮೇಲೆ ನಾನೊಬ್ಬಳೇ ಗಾಡಿ ತೆಗೆದೆ. ಏಳನೇ ಕ್ಲಾಸು ಓದಿದವಳು ನಾನು. ಆದರೂ ಸೋತ ಮೇಲೆ ಸುಳ್ಳು ಸಂಖ್ಯೆ ಇರಬಾರದು ಅನ್ನಿಸಿ, ನಲವತ್ತು ಎಂದು ಬರೆಸಲು ಪೇಂಟರಿಗೆ ಹೇಳಿ ಕಳಿಸಿದ್ದೆ. ಆ ಹುಡುಗಿ ಬಂದು, ಟೊಮೇಟೊ ನೋಡೋಣ ಎಂದು ತಾನಾಗಿ ಬೆನ್ನು ತಿರುಗಿಸಿ ನಿಂತಳು. ನಾನು ಗಡಿಬಿಡಿಯಲ್ಲಿ ಎರಡು ದೋಸೆಗೂ ಟೊಮೇಟೊವನ್ನು ಮೊದಲೇ ಹಾಕಿಬಿಟ್ಟೆ. ಹೇಳದೆ ಎರಡು ತುಂಡೂ ಕೊಟ್ಟೆ.

ಅವಳು ತುಂಬ ಹೊತ್ತು ಅಗಿದಳು.

"ಬೇರೆ ಬೇರೆನೇ ಅಕ್ಕ," ಎಂದಳು. "ಅಣ್ಣ ಹೇಳಿದ್ದೇ ಸರಿ."

ಲೆಕ್ಕದ ಮೇಡಂ ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಕಂಡು ನನಗೆ ನಗು ಬಂತು, ಆ ತಿಂಗಳಲ್ಲಿ ಮೊದಲ ಸಲ. ಡಬ್ಬ ಹಿಡಿದು ಬಂದ ಪೇಂಟರನ್ನು ವಾಪಸು ಕಳಿಸಿದೆ.

ಬೋರ್ಡಿನಲ್ಲಿ ಈಗಲೂ ನೂರ ಇಪ್ಪತ್ತೇ ಇದೆ. ಯಾರಾದರೂ ಪ್ರಶ್ನಿಸಿದರೆ ಸೌಟು ಕೆಳಗಿಟ್ಟು ವಾದಕ್ಕೆ ನಿಲ್ಲುವವರು ಇಲ್ಲ.