ಕೋಳಿಪುಕ್ಕದ ಗಾಳ

ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನನ್ನ ಕಾರಿನ ಡಿಕ್ಕಿಯಲ್ಲಿ ಅವನ ಗಾಳದ ಕೋಲು ಲೊಟಕ್ಕೆನ್ನುತ್ತದೆ. ನಾನು ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವನು. ಹಿಂದೆ ಕೂತವರು ಅದೇನು ಸದ್ದು ಎಂದು ಕೇಳಿದರೆ ಜಾಕ್ ಎನ್ನುತ್ತೇನೆ. ಗೆಳೆಯ ತೀರಿಕೊಂಡು ವರ್ಷ ಕಳೆದರೂ ಅದನ್ನು ತೆಗೆದು ಬೇರೆಡೆ ಇಡಲು ಮನಸ್ಸಾಗಿಲ್ಲ. ಸದ್ದು ಕೇಳಿದರೆ ಸಂಕಟ, ಕೇಳದಿದ್ದರೆ ಇನ್ನೂ ಸಂಕಟ.

ಅವನು ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುತ್ತಿದ್ದ. ಗಾಳಕ್ಕೆ ಎರೆಹುಳ ಸಿಕ್ಕಿಸಿ, ಬೀಡಿ ಹಚ್ಚಿ, ಕೆರೆ ಏರಿಯ ಮೇಲೆ ಕೂರುವುದು ನಮ್ಮ ಕಡೆಯ ಪದ್ಧತಿ. ಇವನು ಮೊಬೈಲಿನಲ್ಲಿ ಯಾವುದೋ ದೇಶದವರು ಹೊಳೆಯಲ್ಲಿ ನಿಂತು ದಾರ ಬೀಸುವುದನ್ನು ನೋಡಿ ಹುಚ್ಚು ಹಿಡಿಸಿಕೊಂಡ. ಕೋಲು ತರಿಸಿದ. ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಯಿಂದ ಕೋಳಿಪುಕ್ಕವನ್ನು ಕೊಕ್ಕೆಗೆ ಸುತ್ತಿ, ನೊಣದಂಥ ಸುಳ್ಳು ಹುಳ ಮಾಡಿದ. "ಇದ್ಕೆ ಫ್ಲೈ ಅಂತಾರೆ ಕಣ್ಲಾ" ಎಂದ. ಅವನ ಬೀದಿಯ ಹುಂಜಗಳು ಅವನನ್ನು ಕಂಡರೆ ಓಡುವಂತಾದವು. ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆಯಬೇಕಲ್ಲ, ಮೊದಮೊದಲು ಮೀನಿಗಿಂತ ಹಿಂದಿನ ಜಾಲಿಗಿಡವೇ ಹೆಚ್ಚು ಸಿಕ್ಕಿಕೊಂಡಿತು. ಒಮ್ಮೆ ನನ್ನ ಕಿವಿಯೂ ಸಿಕ್ಕಿಕೊಂಡಿತು.

ನನಗೆ ನಿಂತಲ್ಲಿ ನಿಲ್ಲಲಾಗದು. ಟ್ರಿಪ್ ಬಂತೇ ಎಂದು ಫೋನ್ ನೋಡುತ್ತ ಏರಿಯ ಮೇಲೆ ಅಲೆಯುತ್ತಿದ್ದೆ. "ಒಂದ್ಕಡೆ ನಿಂತ್ಕೊಳ್ಲಾ, ನಿನ್ ನೆರಳು ನೋಡೇ ಮೀನೆಲ್ಲ ಓಡೋಗ್ತವೆ" ಎಂದು ಬೈಯುತ್ತಿದ್ದ. ಕೈ ಕುದುರಿದ ಮೇಲೆ ಅವನಿಗೆ ಜಿಲೇಬಿ ಮೀನು ಚೆನ್ನಾಗಿಯೇ ಬೀಳತೊಡಗಿದವು. ಆದರೆ ಹಿಡಿದದ್ದನ್ನೆಲ್ಲ ನೀರಿಗೇ ಬಿಡುತ್ತಿದ್ದ. ಅಂಗಡಿಯ ಮೀನಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುವ ಆಸಾಮಿ ಅವನು. ಯಾಕೋ ಹೀಗೆ ಎಂದು ಕೇಳಿದೆ.

"ಎರೆಹುಳ ಆದ್ರೆ ಅದ್ಕೂ ಒಂದ್ ತುತ್ತು ಕೊಟ್ಟಂಗಾಯ್ತು. ನಾನು ಬರೀ ಪುಕ್ಕ ತೋರ್ಸಿ ಏಮಾರ್ಸಿದೀನಿ. ಏಮಾರ್ಸಿದ್ದೂ ಅಲ್ದೆ ತಿನ್ನೋದಾ? ಬ್ಯಾಡ ಗುರು."

ಕೈಗೆ ಸಿಕ್ಕಿದ್ದನ್ನು ಬಿಟ್ಟು ಬಂದನೆಂದರೆ ಮನೆಯಲ್ಲಿ ತಲೆ ಕೆಟ್ಟಿದೆ ಎನ್ನುತ್ತಾರೆ ಎಂಬ ಭಯ ಅವನಿಗೆ. ಅದಕ್ಕೇ ಪ್ರತಿ ಸಲ "ಏನೂ ಬೀಳ್ಲಿಲ್ಲ" ಎಂದು ಬರಿಗೈಯಲ್ಲಿ ಹೋಗುತ್ತಿದ್ದ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಊರೆಲ್ಲ ನಗುತ್ತಿತ್ತು. ಒಂದು ಮಧ್ಯಾಹ್ನ ಮಗ್ಗದ ಮುಂದೆ ನಿಂತವನು ನಿಂತಲ್ಲೇ ಕುಸಿದುಬಿದ್ದ. ಆಸ್ಪತ್ರೆಯವರೆಗೂ ಉಸಿರು ಉಳಿಯಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಡುತ್ತಾರೆ. ಈ ಸಲ ಹಬ್ಬಕ್ಕೆ ಮೊದಲು ಅವನ ಹೆಂಡತಿ ಫೋನ್ ಮಾಡಿದಳು.

"ಅಣ್ಣ, ಅವ್ರಿಗೆ ಇದು ಮೊದಲ್ನೇ ಎಡೆ. ಅಷ್ಟೊಂದ್ ಸಲ ಕೆರೆಗೆ ಹೋದ್ರು, ಒಂದಿನಾನೂ ಒಂದ್ ಮೀನು ತರ್ಲಿಲ್ಲ. ಅವ್ರ ಕೋಲಲ್ಲೇ ಒಂದ್ ಹಿಡ್ಕೊಂಡ್ ಬನ್ನಿ."

ಆಗಲಮ್ಮ ಎಂದೆ. ಆಮೇಲೆ ನಿದ್ದೆ ಹತ್ತಲಿಲ್ಲ. ತಂದರೆ ಅವನಿಗೆ ಮೋಸ, ತರದಿದ್ದರೆ ಅವಳಿಗೆ.

ಹಬ್ಬದ ಬೆಳಿಗ್ಗೆ ರಾಜಘಟ್ಟದಾಚೆಯ ಕೆರೆಗೆ ಹೋದೆ. ಬೀಸಿದೆ, ಜಾಲಿಗೆ ಸಿಕ್ಕಿತು. ಬಿಡಿಸಿ ಮತ್ತೆ ಬೀಸಿದೆ, ಮತ್ತೆ ಜಾಲಿ. ಜೇಬಿನಲ್ಲಿ ಫೋನ್ ಗುರ್ರೆನ್ನುತ್ತಲೇ ಇತ್ತು. ಸತ್ತವನ ಮೇಲೆ ಸಿಟ್ಟು ಬಂದು ಜೋರಾಗಿಯೇ ಬೈದೆ. ಬಿಸಿಲು ಏರಿದ ಮೇಲೆ, ಕೈ ಸೋತು ಹೇಗೋ ಎಸೆದಾಗ, ಅಂಗೈಯಗಲದ ಒಂದು ಜಿಲೇಬಿ ಬಿತ್ತು. ಅದರ ತುಟಿಯಲ್ಲಿ ಅವನು ಸುತ್ತಿದ್ದ ಕೆಂಪು ರೇಷ್ಮೆ ಎಳೆ ಕಾಣಿಸಿತು.

ಕೊಕ್ಕೆ ಬಿಡಿಸಿ ಬಕೆಟ್ಟಿಗೆ ಹಾಕಿಕೊಂಡು ಕಾರಿನವರೆಗೆ ಹೋದೆ. ವಾಪಸ್ ಬಂದೆ. ಮತ್ತೆ ಹೋದೆ. ಕೊನೆಗೆ ಮಂಡಿಯುದ್ದ ನೀರಿಗಿಳಿದು, ಅವನು ಹಿಡಿಯುತ್ತಿದ್ದ ಹಾಗೆಯೇ ಎರಡೂ ಕೈಯಲ್ಲಿ ಮೀನನ್ನು ನೀರೊಳಗೆ ಹಿಡಿದುಕೊಂಡೆ. ಅದು ಬಾಲ ಒದರಿ ಹೋಗುವವರೆಗೆ ಅಲ್ಲಾಡದೆ ನಿಂತಿದ್ದೆ. ನಾನು ಹಾಗೆ ನಿಂತದ್ದನ್ನು ನೋಡಲು ಅವನಿಲ್ಲವಲ್ಲ ಎಂದು ಅಳು ಬಂತು.

ಅವನ ಮನೆಯ ಬಾಗಿಲಲ್ಲಿ ಆಕೆ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ನಾನು ನೆಲ ನೋಡುತ್ತ, "ಏನೂ ಬೀಳ್ಲಿಲ್ಲ ಕಣಮ್ಮ" ಎಂದೆ.

ಚೊಂಬು ತೆಗೆದುಕೊಳ್ಳಲು ಕೈ ಚಾಚಿದೆ. ಆಕೆ ಕೊಡಲಿಲ್ಲ.

"ಬೀಳ್ದಿದ್ರೆ ಕೈ ಯಾಕಣ್ಣ ಮೀನ್ ವಾಸ್ನೆ ಹೊಡೀತೈತೆ?"

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

"ಅವ್ರ ಕೈನೂ ಹಿಂಗೇ ಇರೋದು. ಎರೆಹುಳನೂ ಮುಟ್ಟಲ್ಲ, ಮೀನೂ ತರಲ್ಲ, ವಾಸ್ನೆ ಮಾತ್ರ ತರೋರು. ಬಟ್ಟೆ ಒಗೆಯೋಳ್ಗೆ ಗೊತ್ತಾಗಲ್ವಾ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಹೇಳ್ದೇನೇ ಹೋಗ್ಬಿಟ್ರು. ನೀವಾದ್ರೂ ಹೇಳ್ತೀರಾ ಅಂತ ಮೀನು ಕೇಳ್ದೆ."

ಅಲ್ಲೇ ನಿಂತು ಎಲ್ಲ ಹೇಳಿದೆ, ಪುಕ್ಕ ತೋರಿಸಿ ಏಮಾರಿಸಿದ್ದನ್ನು ತಿನ್ನಬಾರದು ಎಂದಿದ್ದನ್ನೂ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಸ್ವಲ್ಪ ನಕ್ಕಳು. ಒಳಗೆ ಅವನ ಫೋಟೋದ ಮುಂದೆ ಎಲೆ ಹಾಕಿತ್ತು. ಕೈ ತೊಳೆಯದೆ ಎಡೆ ಮುಟ್ಟುವಂತಿಲ್ಲ. ನಾನು ನಲ್ಲಿಯ ಕಡೆ ತಿರುಗಿದೆ.

"ಬ್ಯಾಡ ಅಣ್ಣ" ಎಂದಳು ಆಕೆ. "ಅದೇ ಕೈಲಿ ಬಡ್ಸಿ."