ಒಂಬತ್ತನೇ ನಂಬರಿನ ಅಭಿಪ್ರಾಯ

ಹಿಸ್ಕೆಗೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಕೊರಗು: ತಾನು ಬರೆದದ್ದನ್ನು ಯಾರೂ ಓದುವುದಿಲ್ಲ.

ಹಾಗಂತ ಅವಳೇನು ಕಥೆ ಕವಿತೆ ಬರೆಯುವವಳಲ್ಲ. ಫ್ರೀಸ್‌ಲ್ಯಾಂಡಿನ ಆಲ್ಡೆಡೈಕ್ ಎಂಬ ಊರಲ್ಲಿ ಕಾಲುವೆಯ ಸೇತುವೆ ಎತ್ತಿ ಇಳಿಸುವುದು ಅವಳ ಕೆಲಸ. ದೋಣಿ ಬಂದರೆ ಗುಂಡಿ ಒತ್ತಿ ಎತ್ತಬೇಕು, ದಾಟಿದ ಮೇಲೆ ಇಳಿಸಬೇಕು. ಎರಡು ದೋಣಿಗಳ ನಡುವೆ ಸಿಗುವ ಹೊತ್ತನ್ನೆಲ್ಲ ಅವಳು ಪುಸ್ತಕಕ್ಕೇ ಕೊಟ್ಟವಳು. ಸೇತುವೆಯ ಪಕ್ಕದ ಗಾಜಿನ ಕೋಣೆಯಲ್ಲಿ, ಕಾಫಿ ಫ್ಲಾಸ್ಕನ್ನು ಮೊಣಕೈಗೆ ತಾಗಿಸಿಕೊಂಡು, ಅವಳು ಓದಿದ್ದನ್ನು ಪೇರಿಸಿಟ್ಟರೆ ಚರ್ಚಿನ ಬಾಗಿಲು ಮುಚ್ಚಿಹೋದೀತು.

ಊರಿನ ಓದುಗರ ಕೂಟದಲ್ಲಿ ಒಂಬತ್ತು ಮನೆ. ಮೂರು ವಾರಕ್ಕೊಂದು ಹೊಸ ಪುಸ್ತಕ ಒಂದನೇ ನಂಬರಿನ ಮನೆಗೆ ಬರುತ್ತದೆ. ಅಲ್ಲಿ ಮೂರು ವಾರ, ಪಕ್ಕದ ಮನೆಯಲ್ಲಿ ಮೂರು ವಾರ, ಹೀಗೆ ಕಾಲುವೆಯ ದಂಡೆಗುಂಟ ನಡೆದು ಬಂದು, ಆರು ತಿಂಗಳಾಗುವ ಹೊತ್ತಿಗೆ ಸೇತುವೆ ದಾಟಿ ಹಿಸ್ಕೆಯ ಕೈ ಸೇರುತ್ತದೆ. ರಟ್ಟಿನ ಒಳಗೊಂದು ಹಾಳೆ ಅಂಟಿಸಿರುತ್ತಾರೆ. ಓದಿದವರು ತಮ್ಮ ನಂಬರಿನ ಎದುರು ಅಭಿಪ್ರಾಯ ಬರೆಯಬೇಕು. ಎರಡನೆಯವರು ಒಂದನೆಯವರದನ್ನು ಓದುತ್ತಾರೆ, ಮೂರನೆಯವರು ಇಬ್ಬರದನ್ನೂ. ಒಂಬತ್ತನೆಯವಳು ಎಲ್ಲರದನ್ನೂ ಓದುತ್ತಾಳೆ. ಅವಳದನ್ನು ಓದಲು ಯಾರೂ ಉಳಿದಿರುವುದಿಲ್ಲ. ಅಲ್ಲಿಂದ ಪುಸ್ತಕ ಚರ್ಚಿನ ಉಗ್ರಾಣಕ್ಕೆ, ಬೇಸಿಗೆಯಲ್ಲಿ ಪ್ರವಾಸಿಗರಿಗೆ ಮಾರಲು.

ಕೊನೆಯವಳಾಗಿರುವುದರ ಕಷ್ಟ ಅದೊಂದೇ ಆಗಿದ್ದರೆ ಸಹಿಸಬಹುದಿತ್ತು. ಸೇತುವೆ ಮೇಲೆ ಓಡಾಡುವವರೆಲ್ಲ ಆ ಪುಸ್ತಕವನ್ನು ಆಗಲೇ ಓದಿದವರು.

"ನಿಂಗಿನ್ನೂ ಆ ಕೊಲೆ ಕಾದಂಬರಿ ಬಂದಿಲ್ವಾ?" ಎಂದು ಲಾಮ್ಕೆ ಸೈಕಲ್ ನಿಲ್ಲಿಸುತ್ತಾಳೆ. ಅವಳು ನಾಲ್ಕನೇ ನಂಬರು, ಬೇಕರಿಯವಳು.

"ಬಂದಿಲ್ಲ. ನೀನು ಬಾಯಿ ಮುಚ್ಕೊಂಡು ಹೋಗ್ತಾ ಇರು."

"ನಾನ್ಯಾಕೆ ಹೇಳ್ಲಿ ಮಾರಾಯ್ತಿ? ಆ ಮೈದುನನ ಮೇಲೆ ಮಾತ್ರ ಒಂದು ಕಣ್ಣಿಟ್ಟಿರು."

ಇಂಥದ್ದಕ್ಕೆ ಸೇಡು ತೀರಿಸಿಕೊಳ್ಳಲು ಹಿಸ್ಕೆಗೆ ಇದ್ದದ್ದು ಆ ಹಾಳೆಯ ಕೊನೆಯ ಸಾಲುಗಳು. ಹೇಗೂ ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಅವಳ ಪೆನ್ಸಿಲ್ಲಿಗೆ ಲಗಾಮು ತಪ್ಪಿತು. ಪುಸ್ತಕದ ಬಗ್ಗೆ ಬರೆದಾದ ಮೇಲೆ ಓದಿದವರ ಬಗ್ಗೆಯೂ ಬರೆಯತೊಡಗಿದಳು. ಎಂಟು ಮನೆ ಸುತ್ತಿ ಬಂದ ಪುಸ್ತಕ ಏನನ್ನು ತಾನೆ ಮುಚ್ಚಿಡುತ್ತದೆ? 'ಕೊನೆಯ ಅಧ್ಯಾಯ ಓದಿ ಕಣ್ಣೀರು ಹಾಕಿದೆ ಎಂದು ನಾಲ್ಕನೇ ನಂಬರು ಬರೆದಿದ್ದಾಳೆ. ಆದರೆ ಅವಳ ಸಕ್ಕರೆ ಬ್ರೆಡ್ಡಿನ ಪುಡಿ ತೊಂಬತ್ತನೇ ಪುಟಕ್ಕೇ ನಿಂತಿದೆ. ಅಲ್ಲಿಂದ ಮುಂದೆ ಉಪವಾಸ ಮಾಡಿಕೊಂಡು ಓದಿದಳೋ ಏನೋ.' 'ಒಂದನೇ ನಂಬರಿನ ಪೈಪಿನ ಬೂದಿ ಮೂವತ್ತನೇ ಪುಟದವರೆಗೆ ಇದೆ, ಅಭಿಪ್ರಾಯ ಮಾತ್ರ ಹಿಂದಿನ ರಟ್ಟಿನಿಂದ ಇಳಿಸಿದ್ದು.'

ಒಂದನೇ ನಂಬರು ಅಂದರೆ ವೊಬ್ಬೆ, ನಿವೃತ್ತರಾದ ದನದ ಡಾಕ್ಟರು. ಕೂಟದ ಅಧ್ಯಕ್ಷರೂ ಅವರೇ.

ಈ ವರ್ಷ ಜನವರಿಯ ಸಭೆಗೆ ಹಿಸ್ಕೆ ಗಟ್ಟಿ ಮನಸ್ಸು ಮಾಡಿ ಹೋದಳು. ಲಾಮ್ಕೆಯ ಬೇಕರಿಯ ಹಿಂದಿನ ಕೋಣೆ, ಒಂಬತ್ತು ಕುರ್ಚಿ, ಎಲ್ಲರ ಮುಂದೆ ಕಾಫಿ. ಡಾಕ್ಟರು ಡಿಸೆಂಬರಿನ ಮಂಜಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು.

"ನಂದೊಂದು ಕೋರಿಕೆ" ಎಂದಳು ಹಿಸ್ಕೆ. "ಈ ವರ್ಷದಿಂದ ಸುತ್ತು ತಿರುಗಿಸೋಣ. ನಾನು ಮೊದಲು, ಡಾಕ್ಟರು ಕೊನೆಗೆ. ಇಪ್ಪತ್ತೆರಡು ವರ್ಷ ನಿಮ್ಮ ಮಾತೆಲ್ಲ ನಾನು ಓದಿದೀನಿ. ನನ್ನ ಮಾತನ್ನೂ ಯಾರಾದ್ರೂ ಓದ್ಲಿ ಅಂತ ಆಸೆ."

ಇಷ್ಟು ಸಣ್ಣ ವಿಷಯಕ್ಕೆ ಕಣ್ಣು ತುಂಬಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಮತ ಹಾಕೋಕೆ ಮೊದಲು ನಾನೊಂದು ಓದ್ಬೇಕು" ಎಂದರು ಡಾಕ್ಟರು. "ಈ ಕಾಲಿನ ದೆಸೆಯಿಂದ ಆರು ವಾರ ಹಾಸಿಗೆ. ಹೊತ್ತೇ ಹೋಗ್ತಿರಲಿಲ್ಲ. ಉಗ್ರಾಣದಿಂದ ಮಾರಾಟವಾಗದೆ ಉಳಿದ ಹಳೇ ಪುಸ್ತಕದ ಪೆಟ್ಟಿಗೆಗಳನ್ನ ತರಿಸ್ಕೊಂಡೆ."

ಕುರ್ಚಿಯ ಕೆಳಗಿನ ಚೀಲದಿಂದ ಒಂದು ಪುಸ್ತಕ ತೆಗೆದರು. ಅದರ ರಟ್ಟಿನ ಬಣ್ಣ ನೋಡಿದ್ದೇ ತಡ, ತಾನು ಅದರಲ್ಲಿ ಏನು ಬರೆದಿದ್ದೆ ಎಂದು ಹಿಸ್ಕೆಗೆ ನೆನಪಾಗಿತ್ತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಪೈಪಿನ ಬೂದಿಯ ಮಾತನ್ನು ಒಂದಕ್ಷರ ಬಿಡದೆ ಓದಿದರು. ಆಮೇಲೆ ಇನ್ನೊಂದು ಪುಸ್ತಕ ತೆಗೆದು ಸಕ್ಕರೆ ಬ್ರೆಡ್ಡಿನ ಮಾತು ಓದಿದರು.

ಲಾಮ್ಕೆಯ ಮುಖ ಅವಳ ಒಲೆಗಿಂತ ಕೆಂಪಾಗಿತ್ತು. ಹಿಸ್ಕೆ ತನ್ನ ಬೂಟು ನೋಡುತ್ತಾ, ಇನ್ನು ಈ ಊರಲ್ಲಿ ಬ್ರೆಡ್ಡು ಎಲ್ಲಿ ಕೊಳ್ಳುವುದು ಎಂದು ಯೋಚಿಸಿದಳು.

ಮೊದಲು ಬಾಯಿ ಬಿಟ್ಟದ್ದು ಲಾಮ್ಕೆಯೇ. "ತೊಂಬತ್ತಲ್ಲ, ಓದಿದ್ದು ಎಂಬತ್ತೆಂಟನೇ ಪುಟದವರೆಗೆ" ಎಂದಳು. "ಕೊನೆಗೆ ಎರಡು ಪುಟ ಬರೀ ತಟ್ಟೆ ಖಾಲಿ ಮಾಡೋಕೆ ಕೂತಿದ್ದು."

ಯಾರೋ ಕಾಫಿ ಉಗುಳುವ ಹಾಗೆ ನಕ್ಕರು, ಅಲ್ಲಿಂದ ಎಲ್ಲರೂ ಶುರುವಾದರು. ಐದನೆಯವರು "ನನ್ನ ಬಗ್ಗೆ ಏನಿದೆ, ಅದನ್ನೂ ಓದಿ" ಎಂದರು. ಏಳನೆಯವರಿಗೆ ತಮ್ಮ ಬಗ್ಗೆ ಏನೂ ಬರೆದಿಲ್ಲವಲ್ಲ ಎಂದು ಬೇಸರವಾಯಿತು. ಡಾಕ್ಟರು ನಲವತ್ತು ಹಾಳೆ ಓದಿ ಮುಗಿಸುವಷ್ಟರಲ್ಲಿ ಕಾಫಿ ಮೂರು ಸಲ ಬಂದಿತ್ತು.

"ಇವಳ ಮಾತು ಓದಿದ ಮೇಲೆ ಆ ಪುಸ್ತಕಗಳನ್ನ ನಾನು ನಿಜವಾಗ್ಲೂ ಓದ್ದೆ" ಎಂದರು ಡಾಕ್ಟರು. "ಮೂವತ್ತೊಂದನೇ ಪುಟದಿಂದ. ಹಿಸ್ಕೆ, ನೀನು ಹೇಳಿದ್ದೇ ಸರಿ ತಾಯಿ. ಆ ಒಂದು ಕಾದಂಬರಿಯಲ್ಲಿ ಬರೋ ದೀಪಸ್ತಂಭದ ವಿಧವೆ ಒಳ್ಳೇವಳೇನೂ ಅಲ್ಲ, ನಾವೇ ಸುಮ್ನೆ ಅಯ್ಯೋ ಪಾಪ ಅಂದಿದ್ವಿ."

ಮತ ಹಾಕಿದರು. ಹಿಸ್ಕೆಯ ಕೋರಿಕೆ ಒಂದಕ್ಕೆ ಎಂಟರಂತೆ ಬಿದ್ದುಹೋಯಿತು. ಅವಳು ಕೊನೆಯಲ್ಲೇ ಇರಬೇಕು, ಇಲ್ಲದಿದ್ದರೆ ಇವರನ್ನೆಲ್ಲ ಯಾರು ಹಿಡಿದು ಹಾಕುವುದು? ಆದರೆ ಈ ವರ್ಷದ ಮೊದಲ ಪುಸ್ತಕದಿಂದ, ಅವಳ ಮೂರು ವಾರ ಮುಗಿದ ಶನಿವಾರ ಹತ್ತು ಗಂಟೆಗೆ ಎಂಟೂ ಜನ ಸೇತುವೆ ದಾಟಿ ಅವಳ ಕೋಣೆಗೆ ಬರುವುದು, ಅವಳು ಬರೆದದ್ದನ್ನು ಅವಳ ಬಾಯಿಂದಲೇ ಕೇಳುವುದು ಎಂದು ನಿರ್ಣಯವಾಯಿತು.

ಆ ಪುಸ್ತಕ ಜುಲೈ ಹೊತ್ತಿಗೆ ಅವಳ ಕೈಗೆ ಬಂತು. ಗಡಿಯಾರ ರಿಪೇರಿ ಮಾಡುವವನೊಬ್ಬನ ಕಥೆ. ಹಾಳೆಯ ತುಂಬ ಉದ್ದುದ್ದ ಅಭಿಪ್ರಾಯ. ಡಾಕ್ಟರು ಎಲ್ಲಕ್ಕಿಂತ ಮೇಲೆ ಬರೆದಿದ್ದರು: 'ಪೂರ್ತಿ ಓದಿದ್ದೇನೆ. ಸಾಕ್ಷಿ: ಮುನ್ನೂರ ಹನ್ನೊಂದನೇ ಪುಟದಲ್ಲಿ ನಾಯಿ ಸಾಯುತ್ತದೆ.' ಹಿಸ್ಕೆ ಅವರಿಗೆ ಗಟ್ಟಿಯಾಗಿ ಶಾಪ ಹಾಕಿ ಓದಲು ಕೂತಳು. ಎರಡು ವಾರಕ್ಕೆ ಓದಿ ಮುಗಿಯಿತು.

ಬರೆಯಲು ಹೋದರೆ ಕೈ ಏಳದು. ಎಂಟು ಮುಖಗಳು ಕಣ್ಣ ಮುಂದೆ ಬರುತ್ತಿದ್ದವು. ಇವರಿಗೆ ಬೇಜಾರಾದೀತೇ, ಅವರು ನಗುತ್ತಾರೆಯೇ? ಮೂರನೇ ಶನಿವಾರ ಬೆಳಿಗ್ಗೆ ಕಷ್ಟಪಟ್ಟು ನಾಲ್ಕು ಸಾಲು ಬರೆದಳು: ಸೊಗಸಾದ ಭಾಷೆ, ಮನ ಮುಟ್ಟುವ ಕಥೆ. ಓದಿ ನೋಡಿಕೊಂಡರೆ ಯಾವುದೋ ಪುಸ್ತಕದ ಹಿಂದಿನ ರಟ್ಟಿನ ಹಾಗಿತ್ತು. ರಬ್ಬರು ತಗೊಂಡು ಉಜ್ಜಿದಳು.

ತಲೆಯೆತ್ತಿದರೆ ದಂಡೆಗುಂಟ ಎಂಟು ಸೈಕಲ್ಲು ಬರುತ್ತಿವೆ, ಲಾಮ್ಕೆಯ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ಬ್ರೆಡ್ಡು. ಗಂಟೆ ಹತ್ತಕ್ಕೆ ಇನ್ನೂ ಹತ್ತು ನಿಮಿಷ. ಕಾಲುವೆ ಎರಡೂ ಕಡೆ ಖಾಲಿ. ಹಿಸ್ಕೆ ಒಂದು ಕ್ಷಣ ಯೋಚಿಸಿ ಗುಂಡಿ ಒತ್ತಿದಳು. ಎಚ್ಚರಿಕೆಯ ಗಂಟೆ ಮೊಳಗಿತು, ಅಡ್ಡಗಂಬ ಇಳಿಯಿತು, ಸೇತುವೆ ನಿಧಾನಕ್ಕೆ ಆಕಾಶಕ್ಕೆ ಎದ್ದಿತು.

"ದೋಣಿ ಎಲ್ಲಿ ಹಿಸ್ಕೆ?" ಎಂದು ಆಚೆ ದಡದಿಂದ ಡಾಕ್ಟರು ಕೂಗಿದರು.

ಅವಳು ಕಿಟಕಿ ತೆಗೆದಳು. "ಬರ್ತಾ ಇದೆ ಡಾಕ್ಟರೇ. ಇನ್ನರ್ಧ ಗಂಟೆ."

"ನಾವು ಇಲ್ಲೇ ಕಾಯ್ತೀವಿ" ಎಂದಳು ಲಾಮ್ಕೆ. ಸೈಕಲ್ ಒರಗಿಸಿ ಎಂಟೂ ಜನ ಹುಲ್ಲಿನ ಮೇಲೆ ಕೂತರು.

ಕಾಯಲಿ ಎಂದುಕೊಂಡಳು ಹಿಸ್ಕೆ, ನಾನು ಇಪ್ಪತ್ತೆರಡು ವರ್ಷ ಕಾದಿಲ್ಲವೇ. ಪೆನ್ಸಿಲ್ ಚೂಪು ಮಾಡಿಕೊಂಡು, ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಬರೆಯತೊಡಗಿದಳು.